ದಾರಿಯಲ್ಲಿ ಸತ್ತ ಬೆಕ್ಕು: ವ್ರತಿಕನ ಕರ್ತವ್ಯವೇನು?



ಭಾದ್ರಪದ ಮಾಸದ ದಶಲಕ್ಷಣ ಪರ್ವದಲ್ಲಿ ಉಪವಾಸವನ್ನು ಕೈಕೊಂಡ ಶ್ರಾವಕನೊಬ್ಬನು ಬೆಳಿಗ್ಗೆ ಮಿಂದು, ಮಡಿಯುಟ್ಟು, ಅಷ್ಟದ್ರವ್ಯಗಳ ತಟ್ಟೆಯನ್ನು ಹಿಡಿದು ಬಸದಿಯ ಕಡೆಗೆ ನಡೆದಿರುವನು. ರಸ್ತೆಯ ಬದಿಯಲ್ಲಿ ಒಂದು ಬೆಕ್ಕು ಸತ್ತು ಬಿದ್ದಿದೆ. ರಾತ್ರಿ ಯಾವುದೋ ವಾಹನಕ್ಕೆ ಸಿಕ್ಕಿರಬೇಕು. ಶ್ರಾವಕನು ಮುಖ ತಿರುಗಿಸಿ, ಉತ್ತರೀಯದಿಂದ ಮೂಗು ಮುಚ್ಚಿ, ವ್ರತದ ದಿನವೇ ಇಂತಹುದು ಕಣ್ಣಿಗೆ ಬಿತ್ತಲ್ಲಾ ಎಂದು ನೊಂದುಕೊಂಡು ಬೇರೊಂದು ಓಣಿಯನ್ನು ಹಿಡಿಯುವನು. ಇದು ಅಪರೂಪದ ಪ್ರಸಂಗವಲ್ಲ. ಮೂಡುಬಿದಿರೆ, ಕಾರ್ಕಳಗಳಂತಹ ಬಸದಿಗಳ ಊರುಗಳ ಮಗ್ಗುಲಲ್ಲಿಯೇ ಇಂದು ಹೆದ್ದಾರಿ ಹಾದುಹೋಗುತ್ತದೆ. ಹಗಲಿರುಳೂ ವಾಹನಗಳ ಸಂಚಾರವಿದೆ. ಹಾಗೆ ಓಣಿ ಹಿಡಿದುದರಿಂದ ಆತನ ವ್ರತ ಉಳಿಯಿತೋ, ಅಥವಾ ವ್ರತಕ್ಕೆ ಸಲ್ಲಬೇಕಾದುದೊಂದು ಸಲ್ಲದೆ ಹೋಯಿತೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಮೊದಲು ಅಂತರಾಯದ ವಿಷಯವನ್ನು ಸ್ಪಷ್ಟಮಾಡಿಕೊಳ್ಳುವುದು ಒಳ್ಳೆಯದು. ಹೆಚ್ಚಿನ ಗೊಂದಲವೆಲ್ಲ ಅಲ್ಲಿಂದಲೇ ಹುಟ್ಟಿದೆ. ಮುನಿಗಳ ಆಹಾರಚರ್ಯೆಗೆ ಮೂಲಾಚಾರದಲ್ಲಿ 32 ಅಂತರಾಯಗಳನ್ನು ಹೇಳಿದೆ. ವ್ರತಿಕ ಶ್ರಾವಕನಿಗೂ ಊಟದ ಸಮಯದಲ್ಲಿ ರಕ್ತ, ಮಾಂಸ, ಎಲುಬುಗಳು ಕಂಡರೆ ಆ ಊಟವನ್ನು ಅಲ್ಲಿಗೇ ಬಿಡಬೇಕೆಂಬ ವಿಧಿಯುಂಟು. ಈ ವಿಧಿ ಇರುವುದು ಅನ್ನದ ಮೇಲಿನ ಆಸೆಯನ್ನು ಕಡಿಯುವುದಕ್ಕಾಗಿ. ಕೈಯಲ್ಲಿ ತುತ್ತು ಹಿಡಿದಿರುವಾಗಲೂ ಅದನ್ನು ಬಿಟ್ಟು ಏಳಬಲ್ಲವನು ನಾಲಿಗೆಯನ್ನು ಗೆದ್ದನೆಂದು ಅರ್ಥ. ಶ್ರಾವಕನು ದಾರಿಯಲ್ಲಿ ಕಂಡುದಕ್ಕೂ ಆತನ ಉಪವಾಸಕ್ಕೂ ಈ ವಿಧಿಯು ಯಾವ ಸಂಬಂಧವನ್ನೂ ಕಲ್ಪಿಸುವುದಿಲ್ಲ. ಊಟವೇ ಇಲ್ಲದ ದಿನ ಊಟದ ಅಂತರಾಯವೆಲ್ಲಿಯದು? ಊಟದ ಹೊತ್ತಿನಲ್ಲಿ ಕಂಡರೂ ಆ ಊಟ ನಿಲ್ಲುವುದೇ ಹೊರತು ವ್ರತಭಂಗವಾಗುವುದಿಲ್ಲ. ಅಂತರಾಯವನ್ನೂ ವ್ರತಭಂಗವನ್ನೂ ಒಂದೇ ಎಂದು ಎಣಿಸುವವರು ಊರಿಗೆ ನಾಲ್ವರಾದರೂ ಸಿಗುತ್ತಾರೆ.

ಅಂತರಾಯದ ಭಯ ಹೋದರೂ ಅಸಹ್ಯ ಹೋಗುವುದಿಲ್ಲ. ಅದಕ್ಕೆ ಉತ್ತರವು ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿಯೇ ಇದೆ. ಮೂರನೆಯದಾದ ನಿರ್ವಿಚಿಕಿತ್ಸಾಂಗವನ್ನು ಉಪದೇಶಿಸುವಾಗ ಉದ್ದಾಯನ ಮಹಾರಾಜನ ಕಥೆಯನ್ನು ಹೇಳುವುದು ರೂಢಿ. ಪರೀಕ್ಷಿಸಲು ಮುನಿವೇಷದಲ್ಲಿ ಬಂದ ದೇವನ ವಾಂತಿಯನ್ನು ಆ ರಾಜನು ಅಸಹ್ಯಪಡದೆ ತನ್ನ ಕೈಯಿಂದಲೇ ತೊಳೆದನು. ಕಥೆಯನ್ನು ಕೇಳಿದವರು ಈ ಅಂಗವು ಮುನಿಗಳ ಸೇವೆಗೆ ಮಾತ್ರ ಮೀಸಲೆಂದು ಭಾವಿಸುವುದುಂಟು. ಅಮೃತಚಂದ್ರಾಚಾರ್ಯರಾದರೋ ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನು ಇನ್ನಷ್ಟು ವಿಸ್ತರಿಸಿದ್ದಾರೆ. ಹಸಿವು, ನೀರಡಿಕೆ, ಚಳಿ, ಸೆಕೆ ಮೊದಲಾದ ಅವಸ್ಥೆಗಳಲ್ಲಿಯೂ ಮಲವೇ ಮೊದಲಾದ ವಸ್ತುಗಳಲ್ಲಿಯೂ ಜುಗುಪ್ಸೆ ಸಲ್ಲದೆಂಬುದು ಅವರ ಅಭಿಪ್ರಾಯ. ದುರ್ಗಂಧ ಬಂದಾಗ ಮೂಗು ಮುಚ್ಚಿಕೊಳ್ಳುವುದು ಶರೀರದ ಸ್ವಭಾವ, ಅದರಲ್ಲಿ ದೋಷವಿಲ್ಲ. ಮೂಗಿನ ಜೊತೆಗೆ ಮನಸ್ಸನ್ನೂ ಮುಚ್ಚಿಕೊಂಡರೆ ಸಮ್ಯಕ್ತ್ವದ ಒಂದು ಅಂಗವೇ ಕುಂದುತ್ತದೆ. ಉಪವಾಸದಿಂದ ಬಲಪಡಬೇಕಾದ ಅಂಗವು ಉಪವಾಸದ ನೆಪದಿಂದಲೇ ಕುಂದಬಾರದಷ್ಟೆ?

ಬೆಕ್ಕಿನ ವಿಷಯದಲ್ಲಿ ಮಾತ್ರ ಇನ್ನೆರಡು ಮಾತುಗಳು ಕೇಳಿಬರುತ್ತವೆ. ಬೆಕ್ಕು ಅಪಶಕುನವೆಂಬುದು ಒಂದು. ಅದನ್ನು ಕೊಂದವನು ಬಂಗಾರದ ಬೆಕ್ಕನ್ನು ಮಾಡಿಸಿ ದಾನಕೊಡಬೇಕೆಂಬ ಮಾತೂ ಜನಜನಿತವಾಗಿದೆ. ಇದು ಲೋಕಮೂಢತೆ, ಇದಕ್ಕೆ ಹೆಚ್ಚಿನ ವಿವೇಚನೆ ಬೇಕಿಲ್ಲ. ಎರಡನೆಯ ಮಾತು ಶಾಸ್ತ್ರವನ್ನು ಬಲ್ಲವರದು. ಬೆಕ್ಕು ಹಿಂಸಕ ಪ್ರಾಣಿ, ಅದನ್ನು ಸಾಕುವುದೇ ಅನರ್ಥದಂಡವೆಂದು ಕಾರ್ತಿಕೇಯಾನುಪ್ರೇಕ್ಷೆ ಹೇಳಿರುವಾಗ ಅದಕ್ಕಾಗಿ ಮರುಗುವುದೇಕೆ ಎಂದು ಅವರು ಕೇಳುತ್ತಾರೆ. ಇಲಿ ಹಿಡಿಸುವುದಕ್ಕಾಗಿ ಬೆಕ್ಕನ್ನು ಸಾಕಿದರೆ ಇಲಿಯ ಹಿಂಸೆಯಲ್ಲಿ ಸಾಕಿದವನಿಗೂ ಪಾಲು ಬರುತ್ತದೆ. ಆ ಪಾಲನ್ನು ತಪ್ಪಿಸುವುದಕ್ಕಾಗಿ ಆ ನಿಷೇಧ. ಬೆಕ್ಕಿನ ಮೇಲೆ ಕರುಣೆ ತೋರಬಾರದೆಂದು ಯಾವ ಆಚಾರ್ಯರೂ ಹೇಳಿಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಮೈತ್ರಿಯನ್ನು ಸರ್ವಜೀವಗಳಿಗೂ ಕಾರುಣ್ಯವನ್ನು ದುಃಖಪಡುತ್ತಿರುವ ಜೀವಗಳಿಗೂ ವಿಧಿಸಿದಾಗ ಹುಲ್ಲು ತಿನ್ನುವ ಪ್ರಾಣಿ, ಮಾಂಸ ತಿನ್ನುವ ಪ್ರಾಣಿ ಎಂಬ ಭೇದವನ್ನು ಮಾಡಲಿಲ್ಲ.

ಹಾಗಾದರೆ ಸತ್ತ ಬೆಕ್ಕಿಗಾಗಿ ಮಾಡಬಹುದಾದುದೇನು? ಇಲ್ಲಿ ಜೈನಸಿದ್ಧಾಂತದ ಉತ್ತರವು ಅನ್ಯಮತಗಳ ಉತ್ತರಕ್ಕಿಂತ ಭಿನ್ನವಾಗಿದೆ. ಆಯುಷ್ಯಕರ್ಮವು ಮುಗಿದ ಕ್ಷಣವೇ ಜೀವವು ಹೊರಡುತ್ತದೆ. ವಿಗ್ರಹಗತಿಯಲ್ಲಿ ಹೆಚ್ಚೆಂದರೆ ಮೂರು ತಿರುವುಗಳು. ನಾಲ್ಕನೆಯ ಸಮಯಕ್ಕೆ ಅದು ಹೊಸ ಜನ್ಮಸ್ಥಾನವನ್ನು ತಲಪಿರುತ್ತದೆ. ಸಮಯವೆಂದರೆ ಕಾಲದ ಅತ್ಯಂತ ಸೂಕ್ಷ್ಮವಾದ ಅಂಶ, ಕಣ್ಣೆವೆಯಿಕ್ಕುವಷ್ಟರಲ್ಲಿ ಅಸಂಖ್ಯಾತ ಸಮಯಗಳು ಕಳೆಯುತ್ತವೆ. ಆದುದರಿಂದ ಬೆಳಿಗ್ಗೆ ರಸ್ತೆಯ ಬದಿಯಲ್ಲಿ ಬಿದ್ದಿರುವ ಕಳೇಬರದ ಬಳಿಯಲ್ಲಿ ಆ ಜೀವವು ಅಲೆದಾಡುತ್ತಿಲ್ಲ, ಏನನ್ನೂ ಕಾಯುತ್ತಿಲ್ಲ. ಪಿಂಡ, ತರ್ಪಣಗಳಿಗೆ ಇಲ್ಲಿ ಎಡೆಯಿಲ್ಲ. ಕಳೇಬರದ ಮುಂದೆ ಪಂಚನಮಸ್ಕಾರವನ್ನು ಜಪಿಸಿದರೆ ಜಪಿಸಿದವನ ಪರಿಣಾಮ ನಿರ್ಮಲವಾದೀತು, ಹೋದ ಜೀವಕ್ಕೆ ಅದು ಮುಟ್ಟದು. ಹೋದವರಿಗಾಗಿ ಮಾಡಬೇಕಾದುದು ಏನೂ ಇಲ್ಲವೆಂದು ತಿಳಿದವನಿಗೆ ಅಲ್ಲಿ ಇನ್ನೂ ಇರುವವರು ಕಾಣತೊಡಗುತ್ತಾರೆ.

ಮೊದಲನೆಯದಾಗಿ, ಬೆಕ್ಕು ನಿಜವಾಗಿಯೂ ಸತ್ತಿದೆಯೇ ಎಂದು ನೋಡಬೇಕು. ವಾಹನ ಬಡಿದ ಪ್ರಾಣಿ ಎಚ್ಚರ ತಪ್ಪಿ ಗಂಟೆಗಟ್ಟಲೆ ಬಿದ್ದಿರುವುದುಂಟು. ಪಕ್ಕೆ ಏರಿಳಿಯುತ್ತಿದೆಯೇ, ಶರೀರ ಬೆಚ್ಚಗಿದೆಯೇ ಎಂದು ತುಸುಹೊತ್ತು ನಿಂತು ನೋಡಿದರೆ ತಿಳಿಯುತ್ತದೆ. ಉಸಿರಿದ್ದರೆ ದಪ್ಪ ಬಟ್ಟೆಯಲ್ಲಿ ಸುತ್ತಿ, ಗಾಳಿಯಾಡುವ ಪೆಟ್ಟಿಗೆಯಲ್ಲಿಟ್ಟು ಪಶುವೈದ್ಯರ ಬಳಿಗೆ ಒಯ್ಯಬೇಕು. ಎಚ್ಚರವಿಲ್ಲದ ಪ್ರಾಣಿಯ ಬಾಯಿಗೆ ನೀರು ಬಿಡಬಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಪಂಚನಮಸ್ಕಾರಕ್ಕೆ ಇದು ತಕ್ಕ ಸಮಯ. ಹವಿಸ್ಸನ್ನು ಮುಟ್ಟಿತೆಂದು ಬಡಿಸಿಕೊಂಡು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರನು ಮಂತ್ರವನ್ನು ಹೇಳಿದನು. ಅದು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ ಮುಂದೆ ಅವನಿಗೆ ನೆರವಾಯಿತು. ವಾದೀಭಸಿಂಹನ ಕ್ಷತ್ರಚೂಡಾಮಣಿಯಲ್ಲಿಯೂ 1424ರಲ್ಲಿ ಭಾಸ್ಕರ ಕವಿಯು ಕನ್ನಡದಲ್ಲಿ ರಚಿಸಿದ ಜೀವಂಧರ ಚರಿತೆಯಲ್ಲಿಯೂ ಈ ಕಥೆಯಿದೆ. ಜೀವಂಧರನು ಮಂತ್ರ ಹೇಳಿದ್ದು ಪ್ರಾಣವಿದ್ದ ನಾಯಿಗೆ ಎಂಬುದನ್ನು ಗಮನಿಸಬೇಕು.

ನರಳುವುದನ್ನು ನೋಡಲಾರದೆ ಕಲ್ಲೆತ್ತಿ ಹಾಕಿ ಬಿಡುಗಡೆ ಮಾಡಿದೆವೆನ್ನುವವರೂ ಇದ್ದಾರೆ. 1928ರಲ್ಲಿ ಸಾಬರಮತಿಯ ಆಶ್ರಮದಲ್ಲಿ ಗುಣವಾಗದ ಕರುವೊಂದನ್ನು ಗಾಂಧೀಜಿಯವರು ಚುಚ್ಚುಮದ್ದಿನಿಂದ ಕೊನೆಗಾಣಿಸಿದಾಗ ದೊಡ್ಡ ವಿವಾದವೆದ್ದಿತು, ಜೈನರೂ ಪ್ರತಿಭಟಿಸಿದರು. ಗಾಂಧೀಜಿಯವರ ಅಂತಃಕರಣ ಸಂದೇಹಾತೀತವಾದುದು. ಆದರೂ ದುಃಖಿಗಳನ್ನು ದುಃಖದಿಂದ ಬಿಡಿಸುವ ನೆಪದಿಂದ ಕೊಲ್ಲಲಾಗದೆಂದು ಅಮೃತಚಂದ್ರಾಚಾರ್ಯರು ಎಷ್ಟೋ ಶತಮಾನಗಳ ಹಿಂದೆಯೇ ಈ ಪ್ರಶ್ನೆಯನ್ನು ಎತ್ತಿ ಉತ್ತರಿಸಿದ್ದಾರೆ. ಶ್ರಾವಕನಿಗೆ ಅದು ಪ್ರಮಾಣ.

ಪ್ರಾಣ ಹೋಗಿದ್ದರೆ ಕಳೇಬರವನ್ನು ವಾಹನಗಳ ಹಾದಿಯಿಂದ ಸರಿಸುವುದು ತಡಮಾಡಲಾಗದ ಕೆಲಸ. ಏಕೆಂದರೆ ಸತ್ತ ಬೆಕ್ಕನ್ನು ತಿನ್ನಲು ಕಾಗೆ ಬರುತ್ತದೆ, ಹದ್ದು ಬರುತ್ತದೆ, ನಾಯಿ ಬರುತ್ತದೆ. ತಿನ್ನುವುದರಲ್ಲಿ ಮೈಮರೆತು ಅವೂ ಅದೇ ಜಾಗದಲ್ಲಿ ಚಕ್ರಕ್ಕೆ ಸಿಕ್ಕುತ್ತವೆ. ಒಂದು ಸಾವನ್ನು ಅಲ್ಲಿಯೇ ಬಿಟ್ಟುಹೋದರೆ ಅದು ನಾಲ್ಕು ಸಾವುಗಳಿಗೆ ಕಾರಣವಾದೀತು. ಸರಿಸುವವನು ಮೊದಲು ಹಿಂದುಮುಂದು ನೋಡಿಕೊಳ್ಳಲಿ. ತಿರುವಿನಲ್ಲಿ, ಕತ್ತಲೆಯಲ್ಲಿ ರಸ್ತೆಯ ನಡುವೆ ನಿಲ್ಲುವುದು ಸಲ್ಲದು. ತನ್ನ ಪ್ರಾಣರಕ್ಷಣೆಯೂ ಜೀವದಯೆಯೇ. ಬರಿಗೈಯಿಂದ ಮುಟ್ಟಬಾರದು. ಬೆಕ್ಕಿಗೂ ಹುಚ್ಚುನಾಯಿಯ ರೋಗ ತಗಲುವುದುಂಟು. ಕೈಗವಸೋ ದಪ್ಪ ಗೋಣಿಚೀಲವೋ ಸಲಿಕೆಯೋ ಬೇಕು. ಜೀವವಿರುವ ಬೆಕ್ಕು ಪರಚಿದರೆ, ಕಚ್ಚಿದರೆ ಗಾಯವನ್ನು ಸಾಬೂನು ಹಾಕಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಅಂದೇ ಲಸಿಕೆಗೆ ಹೋಗಬೇಕು.

ಆಮೇಲೆ ಹೂಳುವುದು. ಇದರಲ್ಲಿ ಒಂದು ಸೂಕ್ಷ್ಮವಿದೆ. ತಾನಾಗಿಯೇ ಸತ್ತ ಪ್ರಾಣಿಯ ಮಾಂಸದಲ್ಲಿಯೂ ನಿಗೋದ ಜೀವಗಳು ಎಡೆಬಿಡದೆ ಹುಟ್ಟುತ್ತಿರುತ್ತವೆಂಬುದು ಆಗಮಸಮ್ಮತವಾದ ಮಾತು. ಕಣ್ಣಿಗೆ ಕಾಣುವ ಇರುವೆ, ಹುಳುಗಳೂ ಬೇಗನೆ ಸೇರುತ್ತವೆ. ಬೆಕ್ಕು ಸತ್ತಿದೆ, ಅದರ ಶರೀರ ಮಾತ್ರ ನಿರ್ಜೀವವಾದ ವಸ್ತುವಲ್ಲ. ಸೀಮೆಎಣ್ಣೆ ಸುರಿದು ಸುಡುವುದು, ಫಿನಾಯಿಲು ಚೆಲ್ಲುವುದು ಇದರಿಂದಲೇ ಅನುಚಿತ. ತಡಮಾಡಿದಷ್ಟೂ ಜೀವೋತ್ಪತ್ತಿ ಹೆಚ್ಚುವುದರಿಂದ ಅದೇ ದಿನ ಸೂರ್ಯಾಸ್ತದೊಳಗೆ ಹೂಳಿದರೆ ಹಿಂಸೆ ಕಡಿಮೆ. ಇರುವೆಯ ಸಾಲಿಲ್ಲದ, ಬಾವಿಗೆ ದೂರವಾದ ನೆಲವನ್ನು ಆಯ್ದು, ಮೃದುವಾದ ಪೊರಕೆಯಿಂದ ಗುಡಿಸಿ, ನಾಯಿಗಳು ಕೆದಕಲಾರದಂತೆ ಎರಡು ಮೂರು ಅಡಿ ಆಳ ತೋಡಬೇಕು. ಅಗೆಯುವುದರಿಂದ ಪೃಥ್ವೀಕಾಯ ಜೀವಗಳಿಗೆ ಬಾಧೆಯಾಗುವುದಿಲ್ಲವೇ ಎಂದರೆ, ಆಗುತ್ತದೆ. ಗೃಹಸ್ಥನು ಬಿಟ್ಟಿರುವುದು ತ್ರಸಜೀವಗಳ ಸಂಕಲ್ಪೀ ಹಿಂಸೆಯನ್ನು; ಅಗೆತದ ಆರಂಭೀ ಹಿಂಸೆಯನ್ನು ಆತನು ಆಲೋಚನಾಪೂರ್ವಕವಾಗಿ ಒಪ್ಪಿಕೊಳ್ಳುವನು. ಮನೆಯ ಅಡಿಗಲ್ಲಿಗೆ ಅಗೆಸುವಾಗ ನೆನಪಿಗೆ ಬಾರದ ಪೃಥ್ವೀಕಾಯವು ಬೆಕ್ಕಿನ ಕುಣಿಗೆ ಮಾತ್ರ ನೆನಪಾಗುವುದು ವಿಚಿತ್ರ! ಊರಿಲ್ಲದ ಕಾಡುದಾರಿಯಲ್ಲಾದರೆ ರಸ್ತೆಯಿಂದ ಸಾಕಷ್ಟು ದೂರ ಪೊದೆಯ ಮರೆಗೆ ಸರಿಸಿದರೂ ಸಾಕು. ಹದ್ದು ಕಾಗೆಗಳಿಗೆ ಉಣಿಸುವ ಸಂಕಲ್ಪ ಬೇಡ, ಹಾದಿಯಿಂದ ತೆಗೆಯುವ ಸಂಕಲ್ಪವಷ್ಟೇ ಇರಲಿ.

ಪಟ್ಟಣಗಳಲ್ಲಿ ಹೂಳಲು ನೆಲವೇ ಇರುವುದಿಲ್ಲ, ಪುರಸಭೆಗೆ ತಿಳಿಸಬೇಕಾಗುತ್ತದೆ. ತಿಳಿಸಿದವನ ಕರ್ತವ್ಯ ಅಷ್ಟಕ್ಕೇ ಮುಗಿಯದು. ಪೌರಕಾರ್ಮಿಕನು ಬರುವವರೆಗೆ ಕಳೇಬರದ ಮೇಲೆ ಗೋಣಿ ಹೊದೆಸಿ, ಬಂದವನಿಗೆ ಕೈಗವಸಿದೆಯೇ ಎಂದು ವಿಚಾರಿಸಿ, ಕೈ ತೊಳೆಯಲು ನೀರು ಸಾಬೂನು ಕೊಡಬೇಕು. ಮುಟ್ಟಲಾಗದ ಕೆಲಸವನ್ನೆಲ್ಲ ಮತ್ತೊಬ್ಬನ ಕೈಗೆ ದಾಟಿಸಿ ತಾನು ಮಡಿಯಲ್ಲಿ ಉಳಿದೆನೆನ್ನುವ ಮಡಿಗೆ ಶಾಸ್ತ್ರಾಧಾರವನ್ನು ಹುಡುಕುವುದು ಕಷ್ಟ.

ಪೂಜೆಗೆ ಹೊರಟವನು ಮೊದಲು ಯಾವುದನ್ನು ಮಾಡಬೇಕೆಂಬ ಪ್ರಶ್ನೆಯೊಂದಿದೆ. ಉಸಿರಿದೆಯೇ ನೋಡುವುದು, ದಾರಿಯಿಂದ ಸರಿಸುವುದು ಇವೆರಡು ಕೂಡಲೇ ಆಗಬೇಕು. ಜೊತೆಗಿದ್ದವರ ಕೈಗೆ ಪೂಜಾದ್ರವ್ಯವನ್ನು ಕೊಡಬಹುದು. ಒಬ್ಬನೇ ಇದ್ದರೆ ಹತ್ತಿರದ ಮನೆಯವರನ್ನು ಕೂಗಬಹುದು. ಕಳೇಬರವನ್ನು ತಾನೇ ಮುಟ್ಟಿದರೆ ಮನೆಗೆ ಹಿಂದಿರುಗಿ ಮಿಂದು ಬಟ್ಟೆ ಬದಲಿಸಿ ಬಸದಿಗೆ ಹೋಗಲಿ, ತಡವಾದರೆ ಆಗಲಿ. ಪಂಚೇಂದ್ರಿಯ ಪ್ರಾಣಿಯ ಕಳೇಬರವು ಸಮೀಪದಲ್ಲಿರುವಾಗ ಸಿದ್ಧಾಂತಗ್ರಂಥಗಳ ಸ್ವಾಧ್ಯಾಯವೇ ನಿಲ್ಲಬೇಕೆಂಬ ನಿಯಮವಿರುವುದರಿಂದ, ಬಸದಿಯ ಬಳಿಯಲ್ಲಿ ಬಿದ್ದುದನ್ನು ತೆಗೆದವನು ಇತರರ ಸ್ವಾಧ್ಯಾಯಕ್ಕೂ ನೆರವಾದಂತಾಯಿತು.

ಬೆಕ್ಕಿಗೆ ವಾಹನ ಬಡಿಸಿದವನ ಮಾತೂ ಇಲ್ಲಿ ಬರಬೇಕು. ಆತನೂ ಶ್ರಾವಕನೇ ಆಗಿದ್ದಾನು. ಹಿಂಸೆಯ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿಗಳು ಪ್ರಾಣಹಾನಿಗಿಂತ ಮೊದಲು ಪ್ರಮಾದವನ್ನು ಹೇಳಿದ್ದಾರೆ. ಈರ್ಯಾಸಮಿತಿಯಿಂದ ನಡೆಯುವ ಮುನಿಯ ಕಾಲ್ಕೆಳಗೆ ಅಕಸ್ಮಾತ್ತಾಗಿ ಬಂದ ಕ್ರಿಮಿಯ ಸಾವಿನಿಂದ ಅವರಿಗೆ ಬಂಧವಿಲ್ಲ. ಫೋನಿನಲ್ಲಿ ಮಾತಾಡುತ್ತ ವಾಹನವನ್ನು ಓಡಿಸುವವನಿಗೆ ಈ ರಕ್ಷಣೆ ದೊರೆಯದು. ಯಾವ ಬೆಕ್ಕೂ ಸಾಯದಿದ್ದರೂ ಅವನ ಪ್ರಮಾದ ಪ್ರಮಾದವೇ. ಬಡಿದುದು ತಿಳಿದರೆ ಸುರಕ್ಷಿತವಾದ ಜಾಗದಲ್ಲಿ ನಿಲ್ಲಿಸಿ ಹಿಂದಿರುಗಿ ನೋಡಬೇಕು, ಪ್ರತಿಕ್ರಮಣ ಮಾಡಬೇಕು, ಗುರುಗಳಿದ್ದಲ್ಲಿ ಆಲೋಚನೆ ಮಾಡಿ ಅವರು ಕೊಟ್ಟ ಪ್ರಾಯಶ್ಚಿತ್ತವನ್ನು ಪಡೆಯಬೇಕು. ದೀಪಕ್ಕೆ ಬರುವ ಹುಳು ಅನ್ನಕ್ಕೆ ಬಿದ್ದೀತೆಂದು ರಾತ್ರಿಭೋಜನವನ್ನು ಬಿಟ್ಟವರು ರಾತ್ರಿಪ್ರಯಾಣವನ್ನು ಬಿಟ್ಟಿಲ್ಲ. ತೀರ್ಥಯಾತ್ರೆಯ ಬಸ್ಸುಗಳು ಬೆಳಗಿನ ಅಭಿಷೇಕಕ್ಕೆಂದು ರಾತ್ರಿಯಿಡೀ ಓಡಿ ತಲಪಿದಾಗ ಮುಂಗಾಜಿನ ಮೇಲೆ ಅಂಟಿರುವ ಹುಳುಗಳನ್ನು ಎಣಿಸುವವರಿಲ್ಲ. ದೇಶವ್ರತವೆಂಬ ಶೀಲವ್ರತವು ಇರುವುದು ಸಂಚಾರದ ಮಿತಿಗಾಗಿಯೇ. ಚಾತುರ್ಮಾಸದ ನಾಲ್ಕು ತಿಂಗಳು ಕಾಯಿಲೆ ಮೊದಲಾದ ಅನಿವಾರ್ಯ ಕಾರಣವಿಲ್ಲದೆ ಸೂರ್ಯಾಸ್ತದ ಮೇಲೆ ವಾಹನವನ್ನು ಓಡಿಸುವುದಿಲ್ಲವೆಂದು ನಿಯಮ ಮಾಡಿಕೊಂಡರೆ ಅದು ಇಂದಿನ ಕಾಲಕ್ಕೆ ಒಪ್ಪುವ ದೇಶವ್ರತ.

ಇನ್ನೊಂದು ವಿಷಯ ಉಳಿದಿದೆ. ಸತ್ತುದು ಹೆಣ್ಣು ಬೆಕ್ಕಾದರೆ ಹೂಳುವ ಮೊದಲು ಅದರ ಮೊಲೆಗಳನ್ನು ನೋಡಬೇಕು. ಅವು ಉಬ್ಬಿದ್ದು, ಸುತ್ತಲಿನ ಕೂದಲು ಸವೆದಿದ್ದರೆ ಎಲ್ಲಿಯೋ ಮರಿಗಳಿವೆ ಎಂದರ್ಥ. ಹುಟ್ಟಿ ಒಂದೆರಡು ವಾರ ಅವು ಸರಿಯಾಗಿ ಕಣ್ಣು ಬಿಟ್ಟಿರುವುದಿಲ್ಲ, ಸುಮಾರು ನಾಲ್ಕು ವಾರ ಹಾಲಲ್ಲದೆ ಬೇರೆ ಆಹಾರವಿಲ್ಲ. ತಾಯಿ ದೂರ ಹೋಗಿರುವ ಸಂಭವ ಕಡಿಮೆ. ಹತ್ತಿರದ ಸೌದೆಯ ರಾಶಿ, ಹುಲ್ಲಿನ ಬಣವೆ, ಅಟ್ಟ, ಮುಚ್ಚಿದ ಅಂಗಡಿಯ ಹಿಂಭಾಗ ಇಲ್ಲೆಲ್ಲ ಸದ್ದಡಗಿದ ಹೊತ್ತಿನಲ್ಲಿ ಕಿವಿಗೊಟ್ಟರೆ ಹಸಿದ ಮರಿಗಳ ಕೂಗು ಕೇಳಿಸುತ್ತದೆ. ಸಿಕ್ಕ ಮರಿಗಳು ತಣ್ಣಗಿದ್ದರೆ ಮೊದಲು ಬೆಚ್ಚಗೆ ಮಾಡಿ ಅನಂತರ ಹಾಲು ಕೊಡಬೇಕು. ಹಸುವಿನ ಹಾಲು ಅವಕ್ಕೆ ಒಗ್ಗದೆ ಭೇದಿಯಾಗುತ್ತದೆ. ಪಶುವೈದ್ಯರನ್ನು ಕೇಳಿದರೆ ಮರಿಗಳಿಗೆಂದೇ ಮಾಡಿದ ಹಾಲಿನ ಪುಡಿಯನ್ನು ಹೇಳುತ್ತಾರೆ. ಹಾಲಿನ ವಯಸ್ಸು ಕಳೆದ ಮೇಲೆ ಅವುಗಳ ಆಹಾರವನ್ನು ಶ್ರಾವಕನ ಮನೆಯಲ್ಲಿ ಒದಗಿಸಲಾಗದು, ಬೆಕ್ಕನ್ನು ಸಾಕುವ ದೋಷವೂ ಉಂಟು. ಆದುದರಿಂದ ಹಾಲಿನ ದಿನಗಳಲ್ಲಿಯೇ ಅವುಗಳನ್ನು ಒಪ್ಪಿಕೊಳ್ಳುವ ಮನೆಗಳನ್ನು ಹುಡುಕಿಟ್ಟಿರಬೇಕು. ಮನೆ ಸಿಕ್ಕುವವರೆಗೆ ಅವು ಶ್ರಾವಕನ ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿ, ಬಿದಿರಿನ ಬುಟ್ಟಿಯಲ್ಲಿ ಇರಲಿ.