ಗುಂಡಿ ಖಾಲಿ ಮಾಡುವವರ ಕೈ

ಕಕ್ಕಸು ಗುಂಡಿ ಖಾಲಿ ಮಾಡುವ ಸಕ್ಕಿಂಗ್ ಗಾಡಿ ಬಂದ ದಿನ ಬೀದಿಯ ಕಿಟಕಿಗಳೆಲ್ಲ ಮುಚ್ಚಿಕೊಳ್ಳುತ್ತವೆ. ಅರಸೀಕೆರೆಯ ಹೊಸ ಬಡಾವಣೆಯಾಗಲಿ, ಬೇಲೂರಿನ ಪೇಟೆಬೀದಿಯಾಗಲಿ, ಹಳೇಬೀಡಿನ ಹೋಟೆಲಿನ ಹಿತ್ತಿಲಾಗಲಿ, ಮೂಗಿಗೆ ಸೆರಗು, ಟವೆಲು ಹಿಡಿದ ಜನ ದೂರ ಸರಿಯುತ್ತಾರೆ. ಮೋಟಾರಿನ ಸದ್ದು ನಿಂತು, ಪೈಪು ಸುತ್ತಿದ ಮೇಲೆ ಮನೆಯವರು ದುಡ್ಡು ಕೊಡುವುದೂ ದೂರದಿಂದಲೇ. ಪೈಪು ಹಿಡಿದವರು ಎಲ್ಲಿ ಕೈ ತೊಳೆದರು, ಯಾವ ನೀರಿನಲ್ಲಿ, ಸೋಪು ಇತ್ತೇ ಎಂದು ವಿಚಾರಿಸಿದವರು ಕಡಿಮೆ. ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಆ ಕೈ ತೊಳೆಯುವ ನೀರು. ಅದನ್ನು ಒದಗಿಸಬೇಕಾದವರು ಮನೆಯವರು. ಗುಂಡಿ ಅವರದು, ಅದರೊಳಗಿರುವುದೂ ಅವರದೇ.

ಮೈಗೆ ಹೊಲಸು ತಾಗದಂತೆ ಟ್ಯಾಂಕು ಖಾಲಿ ಮಾಡಬಹುದು. ಆದರೆ ಗಾಡಿ ಬಂದ ಮೇಲೆ ಅದನ್ನು ಯೋಚಿಸಿದರೆ ತಡವಾಗಿರುತ್ತದೆ. ಸೆಪ್ಟಿಕ್ ಟ್ಯಾಂಕನ್ನು ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು ಎಂಬುದು ಬಲ್ಲವರ ಲೆಕ್ಕ. ನಮ್ಮಲ್ಲಿ ಕಕ್ಕಸು ಕಟ್ಟಿಕೊಂಡು ಉಕ್ಕುವವರೆಗೆ ಟ್ಯಾಂಕಿನ ನೆನಪು ಯಾರಿಗೂ ಬರುವುದಿಲ್ಲ. ಎಷ್ಟೋ ಮನೆಗಳಲ್ಲಿ ಮುಚ್ಚಳ ಎಲ್ಲಿದೆ ಎಂಬುದೇ ಗೊತ್ತಿಲ್ಲ. ಮೇಲೆ ಟೈಲ್ಸ್ ಹಾಕಿಸಿ ಅಂಗಳ ಮಾಡಿರುತ್ತಾರೆ. ವರ್ಷಗಟ್ಟಲೆ ಕೂತ ಬಗ್ಗಡ ತಳದಲ್ಲಿ ಗಟ್ಟಿಯಾಗುತ್ತದೆ. ಅದರ ಜೊತೆಗೆ ಪ್ಯಾಡು, ಡಯಾಪರ್, ಗುಟ್ಕಾ ಪೊಟ್ಟಣ, ಶಾಂಪೂ ಚೀಟಿ. ಪಂಪು ಮೇಲಿನ ತಿಳಿಯನ್ನಷ್ಟೇ ಎಳೆದು ನಿಲ್ಲುತ್ತದೆ. ಆಗ ಮನೆಯ ಯಜಮಾನರ ಬಾಯಲ್ಲಿ ಬರುವ ಮಾತು, “ಸ್ವಲ್ಪ ಇಳಿದು ಕೆದಕಿಬಿಡಪ್ಪ, ಮೇಲೆ ಏನಾದ್ರೂ ಕೊಡ್ತೀನಿ.” ಗುಂಡಿಯೊಳಗೆ ಜೀವ ಹೋದ ಸುದ್ದಿ ಓದಿದಾಗಲೆಲ್ಲ ನನಗೆ ಕೇಳಿಸುವುದು ಈ ಮಾತೇ. ಮೂರು ವರ್ಷಕ್ಕೊಮ್ಮೆ ಖಾಲಿಯಾಗುವ ಟ್ಯಾಂಕಿನಲ್ಲಿ ಇದನ್ನು ಹೇಳುವ ಪ್ರಸಂಗವೇ ಬರುವುದಿಲ್ಲ.

ಒಳಗೆ ಇರುವುದು ಬರೀ ನಾತವಲ್ಲ. ಗಾಳಿಯಾಡದ ಬಗ್ಗಡದಲ್ಲಿ ಹೈಡ್ರೋಜನ್ ಸಲ್ಫೈಡ್ ಮತ್ತು ಮೀಥೇನ್ ಹುಟ್ಟುತ್ತವೆ. ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯ ವಾಸನೆ ಕೊಡುತ್ತದೆ. ಪ್ರಮಾಣ ಏರಿದಾಗ ಮೂಗಿನ ಶಕ್ತಿಯನ್ನೇ ಕುಂದಿಸಿಬಿಡುತ್ತದೆ. ವಾಸನೆ ಹೋಯಿತು, ಇನ್ನು ಇಳಿಯಬಹುದು ಎಂದುಕೊಂಡ ಗಳಿಗೆಯೇ ಅತಿ ಅಪಾಯದ ಗಳಿಗೆ. ಗಾಳಿಗಿಂತ ಭಾರವಾದ್ದರಿಂದ ಅದು ತಳದಲ್ಲಿ ನಿಂತಿರುತ್ತದೆ. ಬಗ್ಗಡವನ್ನು ಕೋಲಿನಿಂದ ಕಲಕಿದರೆ ಒಮ್ಮೆಲೇ ಮೇಲೆದ್ದು ಬರುತ್ತದೆ. ಬಿದ್ದವನನ್ನು ಎತ್ತಲು ಇಳಿದ ಅಣ್ಣನೋ ಗೆಳೆಯನೋ ಅಲ್ಲೇ ಉಳಿಯುವುದು ಇದರಿಂದಲೇ. ಮೀಥೇನ್ ಇರುವ ಕಡೆ ಬೀಡಿ ಹಚ್ಚುವುದೂ, ಬೆಂಕಿಕಡ್ಡಿ ಗೀರಿ ಒಳಗೆ ಬಗ್ಗಿ ನೋಡುವುದೂ ಬೇಡವೇ ಬೇಡ.

ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಲು 1970ರ ದಶಕದಲ್ಲೇ ಗಟ್ಟಿಯಾಗಿ ನಿಂತವರು ದೇವರಾಜ ಅರಸು ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪ. ದೇಶದ ಕಾನೂನು 2013ರಲ್ಲಿ ಇನ್ನೂ ಬಿಗಿಯಾಯಿತು. ರಕ್ಷಣೆಯಿಲ್ಲದೆ ಒಬ್ಬರನ್ನು ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಇದು ಪುರಸಭೆಗೆ ಮಾತ್ರ ಅನ್ವಯಿಸುವ ಕಾನೂನು ಎಂದುಕೊಂಡವರಿದ್ದಾರೆ. ಹಾಗಲ್ಲ, ಕೆಲಸಕ್ಕೆ ಇಳಿಸಿದ ಯಾವ ವ್ಯಕ್ತಿಗೂ ಅನ್ವಯಿಸುತ್ತದೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತ್ತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಮೊತ್ತ ಏರಿಸುವ ಪರಿಸ್ಥಿತಿ ಇನ್ನೂ ಉಳಿದಿದೆ ಎನ್ನುವುದೇ ನೋವಿನ ಮಾತು.

ಮೇಲೆ ನಿಂತು ಕೆಲಸ ಮಾಡುವವರ ವಿಷಯಕ್ಕೆ ಬರೋಣ. ಹೊಲಸು ಸಿಡಿಯುವುದು ಹೆಚ್ಚಾಗಿ ಪೈಪಿನ ಜೋಡಣೆಯಲ್ಲಿ. ವಾಷರ್ ಸವೆದಿದ್ದರೆ, ಕಪ್ಲಿಂಗ್ ಪೂರ್ತಿ ಕೂತಿಲ್ಲದಿದ್ದರೆ, ಪೈಪಿನಲ್ಲಿ ಸೀಳಿದ್ದರೆ ಮೈಮೇಲೆ ಬರುವುದು ಖಂಡಿತ. ಆದ್ದರಿಂದ ಮೊದಲು ಜೋಡಣೆ, ಆಮೇಲೆ ವಾಲ್ವ್. ಮುಗಿದ ಮೇಲೆ ಕ್ರಮ ತಿರುಗಾಮುರುಗಾ: ಪೈಪಿನಲ್ಲಿ ಉಳಿದದ್ದು ಒಳಗೆ ಹೋಗಲು ಬಿಟ್ಟು, ವಾಲ್ವ್ ಮುಚ್ಚಿ, ಆಮೇಲೆ ಬಿಚ್ಚುವುದು. ಮೊಣಕೈವರೆಗಿನ ರಬ್ಬರ್ ಗ್ಲೌಸು, ಗಮ್‌ಬೂಟು, ಕಣ್ಣಿಗೆ ಕನ್ನಡಕ ಬೇಕು. ಗ್ಲೌಸು ಹಾಕಿದ ಕೈಯಲ್ಲಿ ಫೋನು ಎತ್ತಿದರೆ ಹೊಲಸು ಕಿವಿಗೆ ಬಂತು, ಮನೆಗೂ ಬಂತು. ಗ್ಲೌಸನ್ನು ಕೈಯಲ್ಲಿದ್ದ ಹಾಗೆಯೇ ಸೋಪು ನೀರಿನಲ್ಲಿ ತೊಳೆದು ಆಮೇಲೆ ತೆಗೆಯಬೇಕು. ನಂತರ ಬರಿಗೈಯನ್ನು ಮತ್ತೆ ಸೋಪು ಹಚ್ಚಿ ತೊಳೆಯಬೇಕು. ಆ ತನಕ ಕಾಫಿ ಇಲ್ಲ, ಎಲೆ ಅಡಿಕೆ ಇಲ್ಲ. ಕೆಲಸದ ಬಟ್ಟೆ ಬೇರೆಯೇ ಇರಬೇಕು, ಅದನ್ನು ಬೇರೆಯಾಗಿಯೇ ಒಗೆಯಬೇಕು. ಹೆಪಟೈಟಿಸ್ ಮತ್ತು ಧನುರ್ವಾಯುವಿಗೆ ಲಸಿಕೆ ಇದೆ. ಇದನ್ನು ಕೆಲಸಗಾರರಿಗೆ ಹಾಕಿಸುವುದು ಗಾಡಿ ಮಾಲೀಕರ ಕರ್ತವ್ಯವಾಗಬೇಕು.

ಮನೆಯವರ ಪಾಲು ಇದಕ್ಕಿಂತ ಸುಲಭ. ಎರಡು ಬಕೆಟ್ ಶುದ್ಧ ನೀರು, ಹೊಸದೊಂದು ಸೋಪು, ಒರೆಸಲು ಬಟ್ಟೆ, ಚೆಲ್ಲಿದ ಕಡೆ ಹಾಕಲು ಬ್ಲೀಚಿಂಗ್ ಪುಡಿ. ಚೊಂಬಿನಲ್ಲಿ ಮೇಲಿಂದ ನೀರು ಸುರಿದು ಕೈ ಒಡ್ಡಿಸಿಕೊಳ್ಳುವ ಹಳೆಯ ಪದ್ಧತಿ ಬೇಡ. ಅದು ನೀರು ಕೊಡುವ ರೀತಿಯಲ್ಲ, ಮನುಷ್ಯನನ್ನು ದೂರ ಇಡುವ ರೀತಿ. ಅವರು ಕೈ ತೊಳೆದ ಮೇಲೆ ಮನೆಯ ಲೋಟದಲ್ಲೇ ಕಾಫಿ ಕೊಡಿ.

ಎರಡು ಗುಂಡಿಯ ಕಕ್ಕಸಿನಲ್ಲಿ ಹಸಿ ಹೊಲಸು ಮುಟ್ಟುವ ಪ್ರಶ್ನೆ ಬಹುಮಟ್ಟಿಗೆ ಏಳುವುದೇ ಇಲ್ಲ. ಒಂದು ಗುಂಡಿ ತುಂಬಿದಾಗ ಅದನ್ನು ಮುಚ್ಚಿ ಇನ್ನೊಂದಕ್ಕೆ ತಿರುಗಿಸುತ್ತಾರೆ. ವರ್ಷಕ್ಕೂ ಮೇಲೆ ಸುಮ್ಮನೆ ಬಿಟ್ಟ ಗುಂಡಿಯಲ್ಲಿ ಉಳಿಯುವುದು ನಾತವಿಲ್ಲದ ಒಣ ಗೊಬ್ಬರ. 2017ರ ಫೆಬ್ರುವರಿಯಲ್ಲಿ ಕೇಂದ್ರದ ಕುಡಿಯುವ ನೀರು ಮತ್ತು ನೈರ್ಮಲ್ಯ ಕಾರ್ಯದರ್ಶಿಯಾಗಿದ್ದ ಪರಮೇಶ್ವರನ್ ಅಯ್ಯರ್ ತೆಲಂಗಾಣದ ಗಂಗದೇವಿಪಲ್ಲಿಯಲ್ಲಿ ಇಂಥ ಗುಂಡಿಗೆ ತಾವೇ ಇಳಿದು ಗೊಬ್ಬರ ತೆಗೆದು ತೋರಿಸಿದರು. ಜಾಗವಿರುವ ನಮ್ಮ ಹಳ್ಳಿ ಮನೆಗಳಿಗೆ ಇದೇ ಸರಿಯಾದ ದಾರಿ ಎಂದು ನಾನು ನಂಬುತ್ತೇನೆ. ದೊಡ್ಡದೊಂದು ಗುಂಡಿ ತೋಡಿಸಿ ‘ಇನ್ನು ನನ್ನ ಕಾಲದಲ್ಲಿ ತುಂಬಲ್ಲ’ ಎನ್ನುವುದು ಮಕ್ಕಳ ಕಾಲಕ್ಕೆ ತೊಂದರೆ ದಾಟಿಸಿದ ಹಾಗೆ.

ರೈಲಿನ ಕಕ್ಕಸಿಗೂ ಇಂಥದೊಂದು ದಾರಿ ಹುಡುಕಬೇಕಾಯಿತು. ಅರಸೀಕೆರೆ ಜಂಕ್ಷನ್ನಿನಲ್ಲಿ ಕಾದು ನಿಂತವರಿಗೆ ಹಳೆಯ ಹಳಿಗಳ ನೆನಪಿರಬಹುದು. ಬೆಂಗಳೂರು, ಹುಬ್ಬಳ್ಳಿ, ಹಾಸನದ ಕಡೆಯ ಗಾಡಿಗಳೆಲ್ಲ ಬಂದು ನಿಲ್ಲುವ ಜಾಗ ಅದು. ಬೋಗಿಯ ಕಕ್ಕಸು ನೇರವಾಗಿ ಹಳಿಗೇ ಬೀಳುತ್ತಿತ್ತು, ಅದನ್ನು ಯಾರೋ ತೊಳೆಯುತ್ತಿದ್ದರು. ರೈಲ್ವೆಯೂ ರಕ್ಷಣಾ ಸಂಶೋಧನೆಯ ಡಿಆರ್‌ಡಿಒ ಸಂಸ್ಥೆಯೂ ಸೇರಿ ತಯಾರಿಸಿದ ಬಯೋ ಟಾಯ್ಲೆಟ್ 2011ರಿಂದ ಬೋಗಿಗಳಿಗೆ ಬರತೊಡಗಿತು. ಬೋಗಿಯಡಿಯ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳು ಮಲವನ್ನು ಕರಗಿಸುತ್ತವೆ, ಉಳಿದ ನೀರು ಹೊರಗೆ ಹೋಗುತ್ತದೆ. ಹಳಿ ಸ್ವಚ್ಛವಾಯಿತು. ಆದರೆ ಪ್ರಯಾಣಿಕರು ನೀರಿನ ಬಾಟಲಿ, ಪ್ಯಾಡು ಹಾಕಿದರೆ ತೊಟ್ಟಿ ಕಟ್ಟಿಕೊಳ್ಳುತ್ತದೆ. ಅದನ್ನು ಬಿಡಿಸುವುದಕ್ಕೆ ಮತ್ತೆ ಒಬ್ಬರ ಕೈಯೇ ಬೇಕು.

ಮನೆಯನ್ನೇ ಗಾಡಿಯ ಮೇಲೆ ಹೊತ್ತು ಬರುವ ಪ್ರವಾಸಿಗರೂ ಈಗ ಕಾಣಿಸಿಕೊಳ್ಳುತ್ತಿದ್ದಾರೆ; ಕ್ಯಾರವಾನ್ ಪ್ರವಾಸಕ್ಕೆ ರಾಜ್ಯದ ನೀತಿಯಲ್ಲೂ ಜಾಗ ಸಿಕ್ಕಿದೆ. ಅಂಥ ಗಾಡಿಯಲ್ಲಿ ಕಕ್ಕಸಿಗೊಂದು ತೊಟ್ಟಿ, ಸ್ನಾನ ಮತ್ತು ಪಾತ್ರೆ ತೊಳೆದ ನೀರಿಗೆ ಇನ್ನೊಂದು ತೊಟ್ಟಿ ಇರುತ್ತದೆ. ಬಲ್ಲವರು ಕಕ್ಕಸಿನದನ್ನು ಮೊದಲು ಬಿಡುತ್ತಾರೆ, ಪಾತ್ರೆ ನೀರನ್ನು ಆಮೇಲೆ. ಹಿಂದೆ ಬರುವ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಕುಡಿಯುವ ನೀರು ತುಂಬುವ ಪೈಪನ್ನು ಇದರ ಹತ್ತಿರಕ್ಕೂ ತರುವುದಿಲ್ಲ. ಇಷ್ಟು ಎಚ್ಚರ ಇದ್ದರೂ ಬಿಡುವುದೆಲ್ಲಿಗೆ? ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ ಗುಡಿಗಳು 2023ರ ಸೆಪ್ಟೆಂಬರಿನಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿವೆ. ಬಸ್ಸುಗಟ್ಟಲೆ ಬರುವ ಮಕ್ಕಳು, ಯಾತ್ರಿಕರು ಬಳಸುವ ಶೌಚಾಲಯದ ತೊಟ್ಟಿಗಳೂ ತುಂಬುತ್ತವೆ. ಬೇಲೂರಿನ ಯಗಚಿ ಹೊಳೆಯ ದಂಡೆಯಾಗಲಿ, ಹಳೇಬೀಡಿನ ದೋರಸಮುದ್ರ ಕೆರೆಯ ಏರಿಯಾಗಲಿ ಆ ಹೊಲಸು ಸುರಿಯುವ ಜಾಗವಲ್ಲ. ಹಳೇಬೀಡಿನ ಬಳಿಯ ಹುಲಿಕೆರೆಯ ಕಲ್ಯಾಣಿಯ ಮೆಟ್ಟಿಲುಗಳನ್ನು ನೋಡಿದವರಿಗೆ, ಈ ಸೀಮೆಯ ಜನ ನೀರನ್ನು ಎಷ್ಟು ಗೌರವದಿಂದ ಕಂಡಿದ್ದರು ಎಂದು ಬೇರೆ ಹೇಳಬೇಕಿಲ್ಲ.

ಟ್ಯಾಂಕಿನ ಬಗ್ಗಡವನ್ನು ತೆಂಗಿನ ತೋಟಕ್ಕೆ ಬಿಟ್ಟರೆ ಗೊಬ್ಬರವಾಗುತ್ತದಲ್ಲ ಎನ್ನುವವರಿದ್ದಾರೆ. ಹಸಿ ಬಗ್ಗಡದಲ್ಲಿ ದುಂಡುಹುಳುವಿನ ಮೊಟ್ಟೆಗಳು ತಿಂಗಳುಗಟ್ಟಲೆ ಬದುಕಿರುತ್ತವೆ. ಬರಿಗಾಲಲ್ಲಿ ಗರಿ ಎಳೆಯುವವರ ಕಾಲಿಗೂ, ಬಿದ್ದ ಕಾಯಿ ಆರಿಸುವವರ ಕೈಗೂ ಅವು ಅಂಟುತ್ತವೆ. ಒಣಗಿಸಿ, ಕಳಿಯಿಸಿ, ಬಿಸಿಯೇರಿಸಿ ಹಾಕಿದರೆ ಮಾತ್ರ ಗೊಬ್ಬರ. ದೇವನಹಳ್ಳಿಯಲ್ಲಿ 2015ರಿಂದ ಅದಕ್ಕೆಂದೇ ಒಂದು ಘಟಕವಿದೆ. ದಿನಕ್ಕೆ ಆರು ಸಾವಿರ ಲೀಟರ್ ಬಗ್ಗಡವನ್ನು ಸಂಸ್ಕರಿಸುವಂತೆ ಕಟ್ಟಿದ್ದಾರೆ. ಗಾಡಿಯವರು ಅಲ್ಲಿಗೆ ತಂದದ್ದು ಒಣಗುವ ಹಾಸುಗಳಲ್ಲಿ ನೀರು ಕಳೆದುಕೊಂಡು, ಹಸಿಕಸದ ಜೊತೆ ಕಳಿತು ಗೊಬ್ಬರವಾಗುತ್ತದೆ. ಗುಂಡಿ ಖಾಲಿ ಮಾಡಿಸುವವರು ಬಾಡಿಗೆ ಎಷ್ಟು ಎನ್ನುವ ಮೊದಲು, ಇದನ್ನು ಎಲ್ಲಿಗೆ ಒಯ್ಯುತ್ತೀರಿ ಎಂದು ಕೇಳಬೇಕು. ಪಕ್ಕಾ ಉತ್ತರ ಬಾರದಿದ್ದರೆ ಪುರಸಭೆಯನ್ನೋ ಪಂಚಾಯಿತಿಯನ್ನೋ ಕೇಳಬೇಕು. ಕೇಳುವವರು ಹೆಚ್ಚಾದಷ್ಟೂ ಊರಿಗೊಂದು ಘಟಕ ಬೇಗ ಬರುತ್ತದೆ.

ಇನ್ನು ಜಾಗ ಮತ್ತು ಕಾಲದ ಮಾತು. ಅರಸೀಕೆರೆಯ ಬಯಲುಸೀಮೆಯಲ್ಲಿ ಚಿಂತೆ ಬೋರ್‌ವೆಲ್ಲಿನದು. ಗುಂಡಿಯ ಹೊಲಸು ಬಿರುಕುಗಳಲ್ಲಿ ಇಳಿದು ಕುಡಿಯುವ ನೀರಿಗೆ ಸೇರಬಾರದು, ಹಾಗಾಗಿ ತಳ ಗಾರೆ ಮಾಡಿದ ಟ್ಯಾಂಕು ಬೇಕು, ಬೋರ್‌ವೆಲ್ಲಿನಿಂದ ಆದಷ್ಟು ದೂರ. ಬೇಲೂರಿನ ಮಲೆನಾಡ ಸೆರಗಿನಲ್ಲಿ ಕಥೆ ಬೇರೆ. ಮಳೆ ಹಿಡಿದರೆ ನೆಲ ನೀರು ಕುಡಿಯುವುದನ್ನು ನಿಲ್ಲಿಸುತ್ತದೆ, ಇಂಗುಗುಂಡಿಗಳು ಒಂದೇ ವಾರದಲ್ಲಿ ಉಕ್ಕುತ್ತವೆ, ಗಾಡಿ ಕೆಸರಿನಲ್ಲಿ ಹೂತುಕೊಳ್ಳುತ್ತದೆ. ಖಾಲಿ ಮಾಡಿದ ಟ್ಯಾಂಕನ್ನು ಅಂತರ್ಜಲ ಕೆಳಗಿನಿಂದ ಎತ್ತಿ ಬಿರುಕು ಬಿಡಿಸುವ ಭಯವೂ ಇದೆ. ಚೈತ್ರದಲ್ಲಿ ಚೆನ್ನಕೇಶವನ ತೇರು ಎಳೆದಾದ ಮೇಲೆ ಮುಂಗಾರು ಶುರುವಾಗುವ ತನಕ ಸಿಗುವ ವಾರಗಳೇ ಅಲ್ಲಿ ಗಾಡಿ ಕರೆಸಲು ಸರಿಯಾದ ಸಮಯ. ಹಗಲು ಹೊತ್ತಿನಲ್ಲೇ ಕರೆಸಿ. ಮುಚ್ಚಳವನ್ನು ಮುಂಚೆಯೇ ತೆಗೆದಿಟ್ಟು ಗಾಳಿಯಾಡಲು ಬಿಡಿ, ಮಕ್ಕಳು ಹತ್ತಿರ ಬಾರದಂತೆ ಒಬ್ಬರು ಕಾದಿರಿ. ಕೆಲಸ ಮುಗಿದ ಮೇಲೆ ಖಾಲಿ ಮಾಡಿದ ತಿಂಗಳು, ವರ್ಷವನ್ನು ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದಿಡಿ.