ಅಪಾಯ ಯಾರ ಗದ್ದೆಗೆ?

ಕಳೆದ ಮುಂಗಾರಿನಲ್ಲಿ ಮಂಡ್ಯ ಕಡೆಯ ನಮ್ಮೂರಿಗೆ ಹೋದಾಗ ಅಪ್ಪನಿಗೆ ಹೇಳಿದೆ: "ಗದ್ದೇಲಿ ಯಾವಾಗ್ಲೂ ನೀರು ನಿಲ್ಸಬೇಡ ಕಣಪ್ಪ. ಆಗಾಗ ಒಣಗಕ್ಕೆ ಬಿಟ್ರೆ ಮಿಥೇನ್ ಕಮ್ಮಿಯಾಗುತ್ತೆ." ಅಪ್ಪ ಗುದ್ದಲಿ ಕೆಳಗಿಡದೆ ಕೇಳಿದರು: "ನಾಲೆ ನೀರು ಮತ್ತೆ ಬತ್ತದೆ ಅಂತ ಯಾರು ಬರಕೊಡ್ತಾರೆ ಮಗ?"

ವಿಜ್ಞಾನ ನನ್ನ ಕಡೆಗಿತ್ತು. ನಿಂತ ನೀರಿನಡಿಯ ಕೆಸರಿಗೆ ಆಮ್ಲಜನಕ ಸಿಗದು. ಅಲ್ಲಿನ ಸೂಕ್ಷ್ಮಜೀವಿಗಳು ಕೊಳೆತ ಹುಲ್ಲು, ಬೇರುಗಳಿಂದ ಮಿಥೇನ್ ಉಂಟುಮಾಡುತ್ತವೆ. ಅದರ ಬಹುಪಾಲು ಪೈರಿನ ಒಳನಾಳಗಳ ಮೂಲಕವೇ ಗಾಳಿ ಸೇರುತ್ತದೆ. ಮನುಷ್ಯ ಚಟುವಟಿಕೆಯ ಮಿಥೇನಿನಲ್ಲಿ ಭತ್ತದ ಪಾಲು ಸುಮಾರು ಶೇ. 8ರಿಂದ 10. ಫಿಲಿಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಪ್ರಚುರಪಡಿಸಿದ ವಿಧಾನದಲ್ಲಿ, ತೂತುಗಳಿರುವ ಕೊಳವೆ ಹೂತು, ನೀರು ಮಣ್ಣಿನ ಮೇಲ್ಮೈಯಿಂದ 15 ಸೆಂ.ಮೀ. ಕೆಳಗಿಳಿದಾಗ ಮತ್ತೆ ಹಾಯಿಸುತ್ತಾರೆ. ಮಿಥೇನ್ ಅರ್ಧದಷ್ಟು ಇಳಿಯಬಹುದು. ಇಳುವರಿ ಸಾಮಾನ್ಯವಾಗಿ ಕುಗ್ಗದು.

ಹಾಗಾದರೆ ಅಪ್ಪ ತಪ್ಪಿತಸ್ಥರೆ? 1991ರಲ್ಲಿ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್, ಬದುಕಿಗಾಗಿ ಹೊಮ್ಮುವ ಅನಿಲವನ್ನೂ ವಿಲಾಸದ ಅನಿಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯವೆಂದರು. ಎರಡು ವರ್ಷಗಳ ನಂತರ ಹೆನ್ರಿ ಶೂ ಇದೇ ಭೇದವನ್ನು ನೀತಿಶಾಸ್ತ್ರದಲ್ಲಿ ಚರ್ಚಿಸಿದರು. ನನಗದು ಒಪ್ಪಿಗೆ. ಆದರೆ ಅಲ್ಲಿಗೇ ನಿಂತರೆ ಅಪ್ಪನ ಕಷ್ಟದ ಹಿಂದೆ ನಾನು ಸುಖವಾಗಿ ಅಡಗಬಹುದು. ಮಿಥೇನ್ ಗಾಳಿಯಲ್ಲಿ ಉಳಿಯುವುದು ಹನ್ನೆರಡು ವರ್ಷದಷ್ಟೇ. ಆದರೂ 20 ವರ್ಷಗಳ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಬಿಸಿಯೇರಿಸುತ್ತದೆ. ಆ ಬಿಸಿಗೆ ಮೊದಲು ಸಿಕ್ಕಿಬೀಳುವವರೂ ಮಳೆ ನಂಬಿದ ಅಪ್ಪನಂಥವರೇ.

ತಪ್ಪು ಯಾರದು ಎನ್ನುವುದು ಒಂದು ಪ್ರಶ್ನೆ, ಹೊಣೆ ಯಾರದು ಎನ್ನುವುದು ಇನ್ನೊಂದು. ನಾಲೆಯ ಕೊನೆಯಲ್ಲಿ ಗದ್ದೆ ಇರುವವರಿಗೆ ನಿಲ್ಲಿಸಿದ ನೀರೇ ವಿಮೆ. ನೀರಿನ ಕರವಿರುವುದು ಎಕರೆ ಲೆಕ್ಕದಲ್ಲಿ. ನೀರು ಉಳಿಸಿದರೆ ಅಪ್ಪನಿಗೆ ಪೈಸೆಯ ಲಾಭವಿಲ್ಲ, ಸರದಿ ತಪ್ಪಿದರೆ ನಷ್ಟ ಮಾತ್ರ ಅವರದೇ. ಅಂದರೆ ನಾನು ಹೇಳಿದ್ದು ಇಷ್ಟು: ಲಾಭ ಲೋಕಕ್ಕಿರಲಿ, ಅಪಾಯ ನಿನಗಿರಲಿ.

ಹಾಗೆ ಹೇಳುವ ಹಕ್ಕು ನನಗಿಲ್ಲ. ಆ ಹಕ್ಕು ಬೇಕಿದ್ದರೆ ಅನ್ನ ಉಣ್ಣುವ ನಾವೆಲ್ಲ ಅಪಾಯದಲ್ಲೂ ಪಾಲು ಹೊರಬೇಕು. ಸರದಿಯ ನೀರಿಗೆ ಖಾತ್ರಿ ಕೇಳಬೇಕು, ಹಾಗೆ ಬೆಳೆದ ಅಕ್ಕಿಗೆ ನಾಲ್ಕು ಕಾಸು ಹೆಚ್ಚು ಕೊಡಬೇಕು.

ಈ ಸಲ ಅಪ್ಪನಿಗೆ ಬೇರೆ ಮಾತು ಹೇಳಿದೆ: "ಒಂದು ತಾಕು ಒಣಗಿಸಿ ನೋಡು. ಬೆಳೆ ಹೋದ್ರೆ ನನ್ನ ಫೆಲೋಶಿಪ್ಪಲ್ಲಿ ಕಟ್ಕೊಡ್ತೀನಿ." ಅಪ್ಪ ನಕ್ಕರು. ಬದುವಿನ ಮೇಲೆ ನಡೆದುಹೋಗಿ ಎಲ್ಲಕ್ಕಿಂತ ಚಿಕ್ಕ ತಾಕು ತೋರಿಸಿದರು.