ಸಂಬಳದ ಸ್ತುತಿ

ಹೊಟ್ಟೆಯ ಪಾಡಿಗಾಗಿ ಹಾಡುವವನ ಹಾಡು ದೇವರಿಗೆ ಸಲ್ಲುವುದೆ? ಮಿತ್ರರೊಬ್ಬರು ಈಚೆಗೆ ಸಂಜೆಯ ಮಾತಿನ ನಡುವೆ ಈ ಪ್ರಶ್ನೆಯನ್ನೆತ್ತಿದರು. ಅವರ ಮಟ್ಟಿಗೆ ಉತ್ತರವು ಸ್ಪಷ್ಟವಾಗಿಯೇ ಇತ್ತು: ಕೂಲಿ ಪಡೆದಮೇಲೆ ಅದು ಮಾರಾಟ, ಮಾರಿದ ವಸ್ತುವನ್ನು ಮತ್ತೊಮ್ಮೆ ಅರ್ಪಿಸಲು ಬರುವುದಿಲ್ಲ. ನಾನು ಅಂದು ಸುಮ್ಮನಾದೆನು. ಆದರೆ ಮೂವತ್ತು ವರ್ಷ ಸಂಬಳ ತೆಗೆದುಕೊಂಡು ಪಾಠ ಹೇಳಿದವನು ನಾನು. ಆ ತೀರ್ಪು ನನ್ನನ್ನೂ ಮುಟ್ಟಿತು. ಅಂದಿನಿಂದ ನನ್ನ ಮನಸ್ಸು ಜರ್ಮನಿಯ ಒಬ್ಬ ಚರ್ಚು ನೌಕರನ ಬಾಳನ್ನು ಸುತ್ತುತ್ತಿದೆ. ಯೋಹಾನ್ ಸೆಬಾಸ್ಟಿಯನ್ ಬಾಖ್ ಎಂಬಾತನೇ ಆ ನೌಕರ.

ಇಂದು ಲೋಕವು ಆತನನ್ನು ಮಹಾವಾಗ್ಗೇಯಕಾರನೆಂದು ಕೊಂಡಾಡುತ್ತದೆ. ಆದರೆ 1703ರಲ್ಲಿ ಆರ್ನ್‌ಷ್ಟಾಟ್ ಎಂಬ ಸಣ್ಣ ಊರಿನ ಚರ್ಚು ಹದಿನೆಂಟು ವರ್ಷದ ಆ ತರುಣನನ್ನು ಕರೆದದ್ದು ಆರ್ಗನ್ ನುಡಿಸುವುದಕ್ಕೆ ಮಾತ್ರ. ಸಭೆಯು ಸ್ತುತಿಗೀತವನ್ನು ಹಾಡುವಾಗ ದಾರಿ ತಪ್ಪದಂತೆ ಅದನ್ನು ಹಿಡಿದು ನಡೆಸುವುದು ಆರ್ಗನ್‌ವಾದಕನ ಕರ್ತವ್ಯ. (ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಮೇಲೆ ಅಂಥ ಜರ್ಮನ್ ಧಾಟಿಗಳು ಕನ್ನಡದ ಮಾತುಗಳನ್ನು ಧರಿಸಿ ನಮ್ಮ ಕರಾವಳಿಯ ಚರ್ಚುಗಳಲ್ಲಿಯೂ ಕೇಳಿಬಂದವು.) 1705ರಲ್ಲಿ ಈ ತರುಣನು ನಾಲ್ಕು ವಾರದ ರಜೆ ಪಡೆದು, ಲ್ಯೂಬೆಕ್ ನಗರದ ಬುಕ್ಸ್ಟೆಹೂಡೆ ಎಂಬ ಹಿರಿಯ ವಾದಕನನ್ನು ಕೇಳಲು 250 ಮೈಲಿಗೂ ಹೆಚ್ಚು ದೂರ ಕಾಲ್ನಡೆಯಲ್ಲಿ ಹೋದನು, ಹಿಂದಿರುಗಿದ್ದು ಸುಮಾರು ನಾಲ್ಕು ತಿಂಗಳ ಮೇಲೆ. ಚರ್ಚಿನ ಅಧಿಕಾರಿಗಳು 1706ರ ಮೊದಲಲ್ಲಿ ಅವನನ್ನು ಕರೆಯಿಸಿ ಎರಡು ಆಕ್ಷೇಪಗಳನ್ನು ಮುಂದಿಟ್ಟರು. ರಜೆಯನ್ನು ಮೀರಿದ್ದು ಒಂದು. ಸ್ತುತಿಗೀತಗಳಲ್ಲಿ ವಿಚಿತ್ರವಾದ ಸ್ವರಗಳನ್ನು ಬೆರಸಿ ಸಭೆಯನ್ನು ಗಲಿಬಿಲಿಗೊಳಿಸಿದ್ದು ಇನ್ನೊಂದು.

ಆ ಅಧಿಕಾರಿಗಳನ್ನು ನೋಡಿ ನಗುವುದು ಇಂದು ಸುಲಭ. ಆದರೆ ನೂರು ಜನ ಸಾಮಾನ್ಯರು ಬಾಯಿಬಿಟ್ಟು ಹಾಡುತ್ತಿರುವಾಗ ಅವರ ಕಾಲ ಕೆಳಗಿನ ನೆಲವನ್ನು ಅಲುಗಿಸುವವನು, ಎಂಥ ಪ್ರತಿಭಾಶಾಲಿಯಾದರೂ, ಒಪ್ಪಿಕೊಂಡ ಕೆಲಸಕ್ಕೆ ಲೋಪ ತಂದವನೇ ಸರಿ. ಸಂಬಳವು ಇಲ್ಲಿ ಕಲೆಗೆ ಕಳಂಕವಾಗಲಿಲ್ಲ. ಇದು ನಿನ್ನೊಬ್ಬನ ಹಾಡಲ್ಲ ಎಂದು ಕಲಾವಿದನಿಗೆ ನೆನಪು ಮಾಡಿಕೊಟ್ಟಿತು.

1723ರಲ್ಲಿ ಬಾಖನು ಲೈಪ್ಸಿಗ್ ನಗರದ ಸಂತ ಥಾಮಸನ ಶಾಲೆಗೆ ಕ್ಯಾಂಟರ್ ಆಗಿ ಬಂದನು. ಅಲ್ಲಿ ಆರ್ಗನ್ ನುಡಿಸುವ ಕೆಲಸ ಬೇರೆಯವರದು; ಶಾಲೆಯ ಹುಡುಗರಿಗೆ ಹಾಡು ಕಲಿಸಿ ಊರಿನ ಚರ್ಚುಗಳ ಗಾಯನವೃಂದಗಳನ್ನು ನಡೆಸುವುದು ಇವನದು. ನಗರಸಭೆ ಮೊದಲು ಬಯಸಿದ್ದು ಟೆಲೆಮಾನನನ್ನು, ಅವನು ಬರಲಿಲ್ಲ. ಗ್ರೌಪ್ನರನನ್ನು ಅವನ ಒಡೆಯನು ಬಿಡಲಿಲ್ಲ. ಹೀಗೆ ಮೂರನೆಯವನಾಗಿ ಬಂದವನು ಮೊದಲ ಕೆಲವು ವರ್ಷ ಹೆಚ್ಚುಕಡಮೆ ವಾರಕ್ಕೊಂದರಂತೆ ಹೊಸ ಕೃತಿಯನ್ನು ರಚಿಸಿ, ಪ್ರತಿಗಳನ್ನು ಬರೆಯಿಸಿ, ಹುಡುಗರಿಗೆ ಕಲಿಸಿ, ಭಾನುವಾರ ಹಾಡಿಸಿದನು. ಹುಡುಗರೆಂಥವರು? 1730ರ ಆಗಸ್ಟಿನಲ್ಲಿ ನಗರಸಭೆಗೆ ಸಲ್ಲಿಸಿದ ಮನವಿಯಲ್ಲಿ ಅವನೇ ಲೆಕ್ಕ ಕೊಟ್ಟಿದ್ದಾನೆ: ಕೆಲಸಕ್ಕೆ ಬರುವವರು 17, ಇನ್ನೂ ಪಳಗಬೇಕಾದವರು 20, ಯಾವುದಕ್ಕೂ ಬಾರದವರು 17.

ಅದೇ ವರ್ಷ ಅಕ್ಟೋಬರಿನಲ್ಲಿ ಅವನು ಹಳೆಯ ಗೆಳೆಯನೊಬ್ಬನಿಗೆ ಬರೆದ ಕಾಗದವೂ ಉಳಿದಿದೆ. ಬೇರೆಲ್ಲಿಯಾದರೂ ಕೆಲಸ ದೊರೆತೀತೆ ಎಂಬುದು ಅದರ ಹುರುಳು. ಶವಸಂಸ್ಕಾರಗಳಲ್ಲಿ ಹಾಡಿಸಿದ್ದಕ್ಕೆ ಬರುವ ಕಾಣಿಕೆ ಅವನ ವರಮಾನದ ಒಂದು ಭಾಗ. ಊರಿನ ಹವೆ ಚೆನ್ನಾಗಿದ್ದ ವರ್ಷ ಸಾವುಗಳು ಕಡಮೆಯಾಗಿ ಆ ವರಮಾನ ಇಳಿಯಿತೆಂದು ಆತ ಅಲ್ಲಿ ಹೇಳಿಕೊಂಡಿದ್ದಾನೆ. ನನ್ನ ಮಿತ್ರರು ಇದನ್ನು ಕೇಳಿದರೆ, ನೋಡಿರಿ, ನಾನು ಹೇಳಲಿಲ್ಲವೆ, ಎಂದಾರು. ನೆರೆಯವರ ಆರೋಗ್ಯದಲ್ಲಿ ನಷ್ಟವನ್ನು ಕಾಣುವವನು ಭಕ್ತನೆ? ಆದರೆ ಅದೇ ಕೈ ತನ್ನ ಅನೇಕ ಕೃತಿಗಳ ಕೊನೆಯಲ್ಲಿ ದೇವರೊಬ್ಬನಿಗೇ ಮಹಿಮೆ ಎಂಬರ್ಥದ ಮೂರು ಲ್ಯಾಟಿನ್ ಅಕ್ಷರಗಳನ್ನೂ ಬರೆದಿದೆ. ಎರಡರಲ್ಲಿ ಯಾವುದು ನಿಜ?

ಎರಡೂ ನಿಜವೆಂದು ನನ್ನ ಭಾವನೆ. ಸಂಬಳವು ಮನುಷ್ಯನನ್ನು ಪೀಠದವರೆಗೆ ತಂದು ಕೂರಿಸುತ್ತದೆ. ಕುಳಿತವನು ಎಷ್ಟು ಕೊಡಬೇಕೆಂಬುದನ್ನು ಅದು ಗೊತ್ತುಮಾಡಲಾರದು. ಹೊಸ ಕೃತಿಯಾದರೂ ಹಳೆಯದಾದರೂ ಬಾಖನ ಸಂಬಳ ಒಂದೇ. ಬೇರೆಯವರ ಕೃತಿಗಳನ್ನು ಹಾಡಿಸುವುದೂ ಆ ಕಾಲದ ರೂಢಿ. ಅವನೂ ಒಮ್ಮೊಮ್ಮೆ ಹಾಗೆ ಮಾಡಿದ್ದುಂಟು. ಅಷ್ಟಕ್ಕೇ ನಿಲ್ಲಬಹುದಾಗಿತ್ತು. ಅವನ ಚರ್ಚು ಕ್ಯಾಂಟಾಟಾಗಳಲ್ಲಿ ಸುಮಾರು ಇನ್ನೂರು ಇಂದಿಗೂ ಉಳಿದಿವೆ. ಒಂದು ಭಾನುವಾರ ಹಾಡಿಸಿ ಕಪಾಟಿನಲ್ಲಿಟ್ಟರೆ, ಮತ್ತೆ ಹೊರಬಂದಲ್ಲಿ ಅದೂ ವರ್ಷಗಳ ಮೇಲೆ. ಮೂರನೆಯ ಒಂದು ಪಾಲು ಹುಡುಗರು ಹಾಡಲಾರದ ಶಾಲೆಯಲ್ಲಿ, ಕೇಳುಗರಲ್ಲಿ ಎಷ್ಟು ಜನ ಗಮನಿಸುವರೆಂಬ ಭರವಸೆಯಿಲ್ಲದೆ, ಇಷ್ಟು ಎಚ್ಚರದಿಂದ ಬರೆದ ಆ ಹೆಚ್ಚಿನ ಪಾಲನ್ನು ಯಾರೂ ಕೊಂಡಿರಲಿಲ್ಲ. ಕೊಳ್ಳದೆ ಇದ್ದುದನ್ನು ಮಾರಿದನೆನ್ನುವುದು ಹೇಗೆ? ಅರ್ಪಿಸಲು ಅವನಿಗೆ ಉಳಿದದ್ದು ಅದೇ, ಅದನ್ನು ಅರ್ಪಿಸಿದನು.

ನಮ್ಮಲ್ಲಿ ಇದಕ್ಕೆ ಕಾಯಕವೆಂಬ ದೊಡ್ಡ ಮಾತಿದೆ. ಆದರೆ ಆ ಮಾತನ್ನು ಆಡಿ ನಿಶ್ಚಿಂತರಾಗುವುದಕ್ಕೆ ನನಗೆ ಧೈರ್ಯ ಸಾಲದು. ಆರ್ಗನ್ನಿನ ನಾದಕ್ಕೆ ಗಾಳಿ ಬೇಕು. ವಿದ್ಯುತ್ತಿಲ್ಲದ ಆ ಕಾಲದಲ್ಲಿ ಮರೆಯಲ್ಲಿ ನಿಂತು ತಿದಿಗಳನ್ನು ತುಳಿಯುವ ಆಳು ಬೇಕಾಗಿದ್ದನು. ಅವನ ಹೆಸರನ್ನು ಯಾರೂ ಬರೆದಿಡಲಿಲ್ಲ. ಬಾಖನ ಮಡದಿ ಆನ್ನಾ ಮಗ್ದಲೇನಾ ತಾನೇ ಕುಳಿತು ಗಂಡನ ಕೃತಿಗಳನ್ನು ಎಷ್ಟೋ ಪ್ರತಿ ಮಾಡಿದವಳು. 1750ರಲ್ಲಿ ಅವನು ತೀರಿಕೊಂಡನು. ಹತ್ತು ವರ್ಷದ ಮೇಲೆ, 1760ರಲ್ಲಿ, ಆಕೆ ಅದೇ ಊರಿನಲ್ಲಿ ದಾನದಿಂದ ಜೀವಿಸುವ ವಿಧವೆಯಾಗಿ ಸತ್ತಳು. 1727ರಲ್ಲಿ ಮೊದಲು ಹಾಡಿಸಿದ್ದೆಂದು ವಿದ್ವಾಂಸರು ಎಣಿಸುವ ಮತ್ತಾಯನ ಸುವಾರ್ತೆಯ ಯಾತನಾಗೀತವನ್ನು 1829ರಲ್ಲಿ ಇಪ್ಪತ್ತು ವರ್ಷದ ಮೆಂಡೆಲ್ಸೋನನು ಬರ್ಲಿನ್ನಿನಲ್ಲಿ ಮತ್ತೆ ಹಾಡಿಸಿದಾಗ ಲೋಕವು ಬೆರಗಾಯಿತು. ಆ ಬೆರಗಿನಿಂದ ಆಕೆಯ ಒಲೆ ಉರಿಯಲಿಲ್ಲ.

ಆದಕಾರಣ ಪ್ರಶ್ನೆಯ ಮುಖವನ್ನೇ ತಿರುಗಿಸಬೇಕೆಂದು ನನಗೆ ತೋರುತ್ತದೆ. ಕೂಲಿ ಪಡೆದವನ ಸ್ತುತಿ ಸ್ತುತಿಯೆ ಎಂದು ಕೇಳುವವರು ಸಾಮಾನ್ಯವಾಗಿ ಕೂಲಿ ಕೊಡುವ ಕಡೆಯವರು. ಸೇವೆಯು ನಿಷ್ಕಾಮವಾಗಿರಬೇಕೆಂಬ ತತ್ತ್ವವನ್ನು ಸೇವಕನು ತನಗೆ ಹೇಳಿಕೊಂಡರೆ ಅದು ತಪಸ್ಸು. ಒಡೆಯನು ಸೇವಕನಿಗೆ ಹೇಳಿದರೆ ಅದು ಜಿಪುಣತನ. ಗುಡಿಯ ಓಲಗದವರಿಗಾಗಲಿ, ಚರ್ಚಿನ ವಾದಕನಿಗಾಗಲಿ, ಊರ ಶಾಲೆಯ ಮೇಷ್ಟರಿಗಾಗಲಿ ನಾವು ಈ ತತ್ತ್ವವನ್ನು ಎಷ್ಟು ಸಲ ಸಂಬಳಕ್ಕೆ ಬದಲಾಗಿ ಕೊಟ್ಟಿಲ್ಲ? ಕೊಳ್ಳಲಾಗದ ಪಾಲು ಒಂದುಂಟೆಂಬುದರಿಂದ, ಕೊಳ್ಳಬಹುದಾದ ಪಾಲಿನ ಬೆಲೆಯನ್ನು ನಾವು ಉಳಿಸಿಕೊಳ್ಳುವಂತಿಲ್ಲ.

ಇಷ್ಟನ್ನು ಮಿತ್ರರಿಗೆ ಹೇಳಿದೆನು. ಅವರು ಒಡನೆ ಒಪ್ಪಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಬೀದಿಯ ಭಜನಮಂದಿರದಲ್ಲಿ ಹಾರ್ಮೋನಿಯಂ ನುಡಿಸುವ ಮುದುಕನಿಗೆ ತಿಂಗಳಿಗೆ ಎಷ್ಟು ಕೊಡುತ್ತಾರೋ ವಿಚಾರಿಸಬೇಕು, ಎಂದರು. ಈ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಇನ್ನೂ ಕೇಳಿಲ್ಲ.